ಹೊಲಿದ ಹೊಟ್ಟೆಯ ಬಾಣಂತನ

ನಗು ಬಂದಾಗ ಹೊಟ್ಟೆ ಹಿಡಿದುಕೊಳ್ಳುವುದು ನನಗೆ ಅಂಟಿದ ಚಟ. ಸಣ್ಣ ನಗೆಗೂ ಅಷ್ಟೇ, ದೊಡ್ಡ ನಗೆಗೂ ಅಷ್ಟೇ. ಎರಡೂ ಅಂಗೈ ತಾವಾಗಿಯೇ ಹೋಗಿ ಹೊಕ್ಕುಳ ಕೆಳಗೆ ಒತ್ತಿ ನಿಲ್ಲುತ್ತವೆ. ಸೀನಿದರೂ ಹಾಗೆಯೇ, ಕೆಮ್ಮಿದರೂ ಹಾಗೆಯೇ. ಇದರಿಂದ ನೆಂಟರಲ್ಲಿ ನನಗೆ ಒಳ್ಳೆಯ ಹೆಸರೇ ಬಂದಿದೆ. ಇಷ್ಟು ಮನಸಾರೆ ನಗುವ ಮುದುಕಿ ಇನ್ನೊಬ್ಬಳಿಲ್ಲ ಎಂದು ಉಪ್ಪುಖಾರವಿಲ್ಲದ ತಮಾಷೆಗಳನ್ನೆಲ್ಲ ತಂದು ನನ್ನ ಮುಂದೆಯೇ ಸುರಿಯುತ್ತಾರೆ. ಮೊನ್ನೆ ಮೊಮ್ಮಗನ ಹೆಂಡತಿ, ಹೊಸದಾಗಿ ಮನೆಗೆ ಬಂದ ಹುಡುಗಿ, ನನ್ನನ್ನೇ ನೋಡುತ್ತ, "ಆಯಿ, ನಿಮಗ ಹೊಟ್ಟಿ ನೋಯ್ತದೇನ್ರಿ?" ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ನೋವು ಹೋಗಿ ಎಷ್ಟೋ ಕಾಲವಾಯಿತು, ರೂಢಿ ಮಾತ್ರ ಉಳಿದಿದೆ ಎಂದು ಅವಳಿಗೆ ಅರ್ಧ ಕತೆ ಹೇಳಿದೆ. ಉಳಿದರ್ಧದಲ್ಲಿ ನನ್ನ ಸಣ್ಣತನವೂ ಇರುವುದರಿಂದ ಅದನ್ನು ಮನೆಯವರಿಗೆ ಹೇಳುವುದಕ್ಕಿಂತ ನಿಮಗೆ ಹೇಳುವುದು ಸುಲಭ.

ನನ್ನ ಗಂಡನ ಮನೆ ಆಳಂದ ತಾಲೂಕಿನ ನಿಂಬರ್ಗಾ. ಆಗ ಅದು ಮೊಗಲಾಯಿ, ಅಂದರೆ ನಿಜಾಮರ ರಾಜ್ಯ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು; ಚಿಮಣಿ ಎಣ್ಣೆ ಸಿಗದೇ ಹೋದಾಗ ಅದು ನಮ್ಮ ಊರಿಗೂ ತಿಳಿಯಿತು. ನನ್ನ ಮೊದಲ ಮಗಳು ನೀಲಾ ಹುಟ್ಟಿದ್ದು ನನ್ನ ತವರು, ಜೇವರ್ಗಿ ಕಡೆಯ ಕೊಳಕೂರಿನಲ್ಲಿ. ಯಾವ ತೊಂದರೆಯೂ ಇಲ್ಲದೆ, ಅವ್ವ ಒಲೆಯ ಮೇಲಿಟ್ಟ ನೀರು ಕಾಯುವಷ್ಟರಲ್ಲಿ ಹುಟ್ಟಿದಳು. ಎರಡನೆಯದಕ್ಕೆ ಹೋಗಲು ಅವ್ವ ಇರಲಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಆಕೆ ತೀರಿಕೊಂಡಿದ್ದಳು. ಹೀಗಾಗಿ ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಎಂದಾಯಿತು.

ಮಹಾನವಮಿ ಮುಗಿದ ವಾರ ಬೇನೆ ಶುರುವಾಗಿ ಎರಡು ದಿನವಾದರೂ ಕೂಸು ಬರಲಿಲ್ಲ. ನಮ್ಮೂರ ಸೂಲಗಿತ್ತಿ ಲಗಮವ್ವ ಅರ್ಧ ಊರನ್ನು ತನ್ನ ಕೈಯಲ್ಲಿ ಹಿಡಿದು ಹೊರಗೆ ತಂದವಳು. ಪೊಲೀಸ್ ಪಾಟೀಲರನ್ನು ಕಂಡರೂ, "ಇವನ ಕಾಲು ಮೊದ್ಲ ಬಂದಿದ್ವು" ಎನ್ನುವ ಹೆಂಗಸು. ಅಂಥವಳು ಕೈ ತೊಳೆದುಕೊಂಡು ಬಂದು ನಮ್ಮ ಅತ್ತೆಯವರ ಮುಂದೆ ನಿಂತು, "ಕೂಸು ಅಡ್ಡ ಕುಂತದ್ರಿ. ನನ್ನ ಕೈಲಿ ಆಗಂಗಿಲ್ಲ. ಸೊಲ್ಲಾಪುರಕ ಒಯ್ರಿ" ಎಂದಳು. ತನ್ನಿಂದ ಆಗುವುದಿಲ್ಲ ಎಂದು ಹೇಳಲು ಎಂಥ ಎದೆ ಬೇಕೆಂದು ನನಗೆ ಆಮೇಲೆ ತಿಳಿಯಿತು. ಆ ಮಾತಿನಿಂದಲೇ ನಾನು ಉಳಿದೆ.

ಆಳಂದದವರೆಗೆ ಬಂಡಿ, ಅಲ್ಲಿಂದ ಮೋಟಾರು. ಸೊಲ್ಲಾಪುರದ ದವಾಖಾನೆಯಲ್ಲಿ ಮೂಗಿಗೆ ಮತ್ತಿನ ಔಷಧದ ಅರಿವೆ ಹಿಡಿದರು. ಎಚ್ಚರವಾದಾಗ ಮಗ ಹುಟ್ಟಿದ್ದ, ನನ್ನ ಹೊಟ್ಟೆಗೆ ಹೊಲಿಗೆ ಬಿದ್ದಿತ್ತು. ಮೂರು ವಾರ ಇಟ್ಟುಕೊಂಡು ಬಿಡುವಾಗ ಡಾಕ್ಟರಬಾಯಿ ಮರಾಠಿಯಲ್ಲಿ, ಹೊಲಿಗೆ ಹಾಕಿದ ದಿನದಿಂದ ಮೂರು ತಿಂಗಳು ಈ ಎಳೆಗೂಸನ್ನು ಬಿಟ್ಟು ಬೇರೇನನ್ನೂ ಎತ್ತಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದರು. ಕೊಡ ಇಲ್ಲ, ಕಾಳಿನ ಚೀಲ ಇಲ್ಲ. ಮನೆಯಲ್ಲಿ ಬೇರೆ ಮಗು ಇದೆಯೇ ಎಂದು ಕೇಳಿದರು. ಎರಡು ವರ್ಷದ ಮಗಳಿದ್ದಾಳೆ ಎಂದೆ. ಅವರು ತಲೆಯಾಡಿಸಿ, ಕೊಡ ಎತ್ತದೆ ಇರಬಹುದು, ಅವಳನ್ನು ಎತ್ತದೆ ಇರುವುದೇ ನಿನಗೆ ಕಷ್ಟ ಎಂದರು. ಮೊದಲ ಬಾರಿ ಹೆರುವವಳಿಗೆ ಹೇಳಿದ ಹಾಗೆ ಹೇಳುತ್ತಾರಲ್ಲ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು.

ಬರುವಾಗ ಗಡಿಯ ನಾಕಾದಲ್ಲಿ ಮೋಟಾರು ನಿಲ್ಲಿಸಿದರು. ಅಂಗ್ರೇಜಿ ಸರಹದ್ದಿನಿಂದ ಏನೇ ತಂದರೂ ನಿಜಾಮರ ಕರೋಡಗಿರಿಯವರು, ಅಂದರೆ ಸುಂಕದವರು, ತಪಾಸಣೆ ಮಾಡುವ ಕಾಲ ಅದು. ಟೋಪಿಯವನೊಬ್ಬ ಒಳಗೆ ತಲೆ ಹಾಕಿ, ನನ್ನ ಮಡಿಲಲ್ಲಿದ್ದ ಗಂಟನ್ನು ನೋಡಿ, "ಕ್ಯಾ ಮಾಲ್ ಹೈ?" ಎಂದ. ಟೋಪಿ ಕಂಡರೆ ಸಾಕು ಮಾತು ನಿಲ್ಲುವ ನಮ್ಮ ಮನೆಯವರು, ಅವತ್ತು ಯಾವ ಧೈರ್ಯ ಬಂತೋ, ಶಾಲೆಯಲ್ಲಿ ಕಲಿತ ಉರ್ದುವನ್ನೆಲ್ಲ ಒಟ್ಟುಗೂಡಿಸಿ, "ಬಚ್ಚಾ ಹೈ ಸಾಹೇಬ್. ಉಧರ್ ಕಾ ಬನಾ ಹುವಾ" ಎಂದರು. ಆ ಕಡೆ ತಯಾರಾದ ಮಾಲಂತೆ! ಇಡೀ ಮೋಟಾರು ನಕ್ಕಿತು. ನಾನೂ ನಕ್ಕೆ, ಹೊಲಿಗೆ ಚುರ್ ಎಂದಿತು, ಎರಡೂ ಕೈ ಹೊಟ್ಟೆಗೆ ಹೋದವು. ನನ್ನ ಚಟ ಹುಟ್ಟಿದ್ದು ಆ ನಾಕಾದಲ್ಲೇ.

ಇನ್ನು ಬಾಣಂತಿ ಕೋಣೆ. ಅದರ ವಾಸನೆಯನ್ನು ನಾನು ಈಗಲೂ ಕಣ್ಣು ಮುಚ್ಚಿ ಗುರುತಿಸಬಲ್ಲೆ. ಕುಳ್ಳಿನ ಹೊಗೆ, ಅಜಿವಾನ, ಬೆಳ್ಳುಳ್ಳಿ, ಕೊಬ್ಬರಿ ಎಣ್ಣೆ. ಕೊಳಕೂರಿನಲ್ಲಿ ನಾನು ಸಣ್ಣವಳಿದ್ದಾಗ ಅವ್ವ ಎರಡು ವರ್ಷಕ್ಕೊಮ್ಮೆ ಅಂಥ ಕೋಣೆ ಸೇರುತ್ತಿದ್ದಳು. ನಮಗೆ ತಮ್ಮ ಬಂದನೋ ತಂಗಿ ಬಂದಳೋ ಎಂಬುದಕ್ಕಿಂತ, ಅವ್ವನ ತಲೆದಿಂಬಿನ ಹತ್ತಿರದ ಡಬ್ಬಿಗೆ ಅಂಟಿನುಂಡಿ ಬಂತೋ ಇಲ್ಲವೋ ಎಂಬುದೇ ದೊಡ್ಡ ಚಿಂತೆ. ಕೂಸನ್ನು ನೋಡುವ ನೆಪದಿಂದ ಒಳಗೆ ಹೋಗಿ, ಉಂಡಿ ಲಂಗದಲ್ಲಿ ಮುಚ್ಚಿಕೊಂಡು ಹೊರಗೆ ಬರುತ್ತಿದ್ದೆ. ಅವ್ವ ನೋಡಿಯೂ ನೋಡದ ಹಾಗೆ ಗೋಡೆಗೆ ಮುಖ ಮಾಡುತ್ತಿದ್ದಳು. ಅವ್ವ ಅದೆಷ್ಟು ಉಂಡಿಗಳಿಲ್ಲದ ಬಾಣಂತನ ಮಾಡಿಕೊಂಡಳೋ, ನನಗೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನ ಕೋಣೆಯಲ್ಲಿ ಉಂಡಿ ಕದಿಯುವವರು ಇರಲಿಲ್ಲ, ನೋಡುವವರು ಇದ್ದರು. ಹೊಟ್ಟೆ ಕೊಯ್ದು ಕೂಸು ತೆಗೆದು, ಮತ್ತೆ ಹೊಲಿದು, ಬದುಕಿ ಬಂದ ಹೆಂಗಸನ್ನು ನಿಂಬರ್ಗಾ ಅಲ್ಲಿಯವರೆಗೆ ಕಂಡಿರಲಿಲ್ಲ. ನರೋಣಾದಿಂದಲೂ ಬಂಡಿ ಕಟ್ಟಿಕೊಂಡು ಬಂದರು. ಕೂಸಿನ ಮುಖ ಒಂದು ಸಲ ನೋಡಿ, ಬಾಗಿಲು ಮುಂದೆ ಮಾಡಿ, "ಜರಾ ತೋರ್ಸು ಬೇ" ಎನ್ನುತ್ತಿದ್ದರು. ಎಲ್ಲರೂ ಕೌದಿ ಹೊಲಿಯುವ ಕೈಯವರಾದ್ದರಿಂದ ಡಾಕ್ಟರಬಾಯಿಯ ಹೊಲಿಗೆಯ ಮೇಲೆ ಅಭಿಪ್ರಾಯ ಕೊಡದೆ ಹೋಗುತ್ತಿರಲಿಲ್ಲ. "ಟಾಕಿ ಒಂದರಾಂಗ ಒಂದಿಲ್ಲ ನೋಡು" ಎಂದು ಒಬ್ಬಳು. "ಅವಸರದಾಗ ಹೊಲ್ದಾರ" ಎಂದು ಇನ್ನೊಬ್ಬಳು. ಲಗಮವ್ವ ಮಾತ್ರ ಬಗ್ಗಿ ಬಹಳ ಹೊತ್ತು ನೋಡಿ, ಬೆರಳಿನಿಂದ ಗಾಯದ ಅಂಚನ್ನು ಮುಟ್ಟದೆ ಗಾಳಿಯಲ್ಲೇ ಎಳೆದು, "ಕೈ ಚಲೋ ಅದ ಆ ಬಾಯೀದು" ಎಂದಳು. ಆಮೇಲೆ ಅತ್ತೆಯವರಿಗೆ, ಹೊರಸಿನ ಕೆಳಗೆ ಕೆಂಡ ಕಡಿಮೆ ಇಡಿ, ಹೊಟ್ಟೆಯನ್ನು ಬಿಗಿದು ಕಟ್ಟಬೇಡಿ ಎಂದು ತಾಕೀತು ಮಾಡಿ ಹೋದಳು.

ಆ ನೋಡುವವರ ಸಾಲಿನಲ್ಲಿ ಒಂದು ದಿನವೂ ನಿಲ್ಲದವಳು ಗುರಕ್ಕ. ನಮ್ಮ ಮನೆಯವರ ಅಕ್ಕ. ಎಂಟು ವರ್ಷಕ್ಕೆ ಮದುವೆಯಾಗಿ, ಗಂಡನ ಮುಖ ಸರಿಯಾಗಿ ನೆನಪಿಡುವ ಮೊದಲೇ ಅವನನ್ನು ಕಳೆದುಕೊಂಡು ಅಫಜಲಪುರದಿಂದ ತವರಿಗೆ ಬಂದವಳು. ಉಡಿಕಿ, ಅಂದರೆ ಮರುಮದುವೆ, ಮಾಡಿಕೊಡುತ್ತೇವೆ, ಇನ್ನೊಂದು ಮನೆ ನೋಡುತ್ತೇವೆ ಎಂದು ಹಿರಿಯರು ಹೇಳಿದಾಗ ತಾನೇ ಒಲ್ಲೆ ಅಂದಳಂತೆ. ಎದುರಿಗೆ ನಾನು ಬಹುವಚನದಲ್ಲೇ ಕರೆಯುತ್ತಿದ್ದೆ. ಬರೆಯುವಾಗ ಇಷ್ಟು ಸಲುಗೆ ತೆಗೆದುಕೊಂಡರೆ ಆಕೆ ಬೇಸರಿಸಲಾರಳು. ನಾನು ಸೊಲ್ಲಾಪುರದಲ್ಲಿದ್ದ ಮೂರೂ ವಾರ ನೀಲಾ ಆಕೆಯ ಸೊಂಟದ ಮೇಲೆಯೇ ಇದ್ದಳು.

ನಾನು ಬಂದ ಮರುದಿನ ನೀಲಾ ಒಂದೇ ಓಟದಲ್ಲಿ ಬಂದು ಹೊರಸು ಹತ್ತಿ ನನ್ನ ಮೇಲೆ ಬಿದ್ದಳು. ಮೊಣಕಾಲು ಸರಿಯಾಗಿ ಹೊಲಿಗೆಯ ಮೇಲೆ. ನಾನು ಕಿರುಚಿದ ಕಿರುಚಾಟಕ್ಕೆ ಅಂಗಳದ ಎತ್ತುಗಳು ಬೆದರಿದವಂತೆ. ಅತ್ತೆಯವರು ಓಡಿ ಬಂದು ಮಗುವನ್ನು ಎಳೆದುಕೊಂಡರು. ಅವಳು ಮತ್ತೆ ಕೈ ಚಾಚಿದಳು, "ಎತ್ತಿಕೋ". ಎತ್ತಿಕೊಳ್ಳಲಾರೆ. ಮತ್ತೆ ಹತ್ತಿದರೆ ಏನು ಗತಿ ಎಂಬ ಹೆದರಿಕೆಯಲ್ಲಿ ನಾನು ಒಂದು ಬುದ್ಧಿವಂತಿಕೆ ಮಾಡಿದೆ. "ಬರಬ್ಯಾಡ ನೀಲಾ. ಅವ್ವನ ಹೊಟ್ಟ್ಯಾಗ ಗುಮ್ಮ ಕುಂತಾನ. ಕಡೀತಾನ" ಎಂದೆ.

ಬುದ್ಧಿವಂತಿಕೆ ಎಂದೆನಲ್ಲ, ನಿಜಕ್ಕೂ ಅದು ಆಗ ಹಾಗೆಯೇ ಅನಿಸಿತ್ತು. ಅವತ್ತೆಲ್ಲ ಅವಳು ಬಾಗಿಲಿನಿಂದ ಒಳಗೆ ಬರಲಿಲ್ಲ. ನಾನು ಆರಾಮಾಗಿ ಮಲಗಿದೆ. ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ನಾನೇ ಕರೆದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು, ನನ್ನ ಮುಖ ನೋಡಲಿಲ್ಲ. ಹೊದಿಕೆಯ ಕೆಳಗೆ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಅಲ್ಲಿಂದ ಹೊರಬಿದ್ದ ತಮ್ಮನ ಹತ್ತಿರವೂ ಸುಳಿಯಲಿಲ್ಲ. ಗುಮ್ಮನಿದ್ದ ಮನೆಯಿಂದ ಬಂದವನು ಎಂಥವನೋ ಯಾರಿಗೆ ಗೊತ್ತು! ಉಂಡಿ ತೋರಿಸಿದೆ. ನನ್ನ ಮಗಳಾದರೂ ಉಂಡಿಗೆ ಮರುಳಾಗಲಿಲ್ಲ. ಗುಮ್ಮ ಹೋದ ಎಂದು ಹೇಳಿ ನೋಡಿದೆ. ಹೋದವನು ಎಲ್ಲಿಗೆ ಹೋದ ಎಂಬಂತೆ ಹೊರಸಿನ ಕೆಳಗೆ ಇಣುಕಿ, ಅಲ್ಲಿ ಕೆಂಡ ಕಂಡು ಓಡಿಹೋದಳು.

ಎಳ್ಳಮಾವಾಸ್ಯೆಗೆ ಸ್ವಲ್ಪ ಮುಂಚೆ ಇರಬೇಕು, ಒಂದು ಬೆಳಿಗ್ಗೆ ಅಂಗಳದಲ್ಲಿ ಓಡುತ್ತ ಒರಳಕಲ್ಲಿಗೆ ಎಡವಿ ಬಿದ್ದಳು. "ಅವ್ವಾ!" ಎಂದು ಚೀರಿದಳು. ನಾನು ಹೊಟ್ಟೆ ಹಿಡಿದುಕೊಂಡು ಎದ್ದೆ, ಗೋಡೆ ಹಿಡಿದು ಪಡಸಾಲೆಯವರೆಗೆ ಬಂದೆ. ನನ್ನನ್ನು ಕರೆದಳಲ್ಲ ಎಂಬ ಸಂತೋಷಕ್ಕೆ ನೋವೂ ಗೊತ್ತಾಗಲಿಲ್ಲ. ಮೊಣಕಾಲು ತರಚಿದ ನೀಲಾ ಎದ್ದು ನನ್ನ ಕಡೆ ನೋಡಿದಳು. ನೋಡಿ, ಅತ್ತ ತಿರುಗಿ, ನೀರಿನ ಹಂಡೆಯ ಹತ್ತಿರವಿದ್ದ ಗುರಕ್ಕನ ಕಡೆ ಓಡಿ, "ಅವ್ವಾ, ಎತ್ತಿಕೋ" ಎಂದಳು. ಗುರಕ್ಕ ಎತ್ತಿಕೊಂಡಳು. ಆಕೆಯ ಮುಖದಲ್ಲಿ ಒಂದು ಕ್ಷಣ ಹೂವರಳಿದ್ದನ್ನೂ, ನನ್ನನ್ನು ಕಂಡೊಡನೆ ಆಕೆ ಅದನ್ನು ಅಡಗಿಸಿಕೊಂಡದ್ದನ್ನೂ ನಾನು ನೋಡಿದೆ.

ಸುಳ್ಳೇಕೆ ಹೇಳಲಿ, ಹೊಟ್ಟೆ ಕೊಯ್ದಾಗ ಆಗದ ನೋವು ಅವತ್ತು ಆಯಿತು. ಆಮೇಲೆ ಗುರಕ್ಕ ಮಾಡಿದ್ದೆಲ್ಲ ತಪ್ಪಾಗಿ ಕಾಣತೊಡಗಿತು. ಮಗುವಿಗೆ ಬೆಲ್ಲ ಜಾಸ್ತಿ ಕೊಟ್ಟಳು. ಜಡೆ ಬಿಗಿಯಾಗಿ ಹಾಕಿದಳು. ಎಣ್ಣೆ ಕಣ್ಣಿಗೆ ಇಳಿಯುವಂತೆ ಹಚ್ಚಿದಳು. ನನ್ನ ಕೂಸಿಗೆ ನೀರು ಹಾಕಿ, ನನಗೆ ಅನ್ನ ಕಲಸಿ, ನನ್ನ ಬಟ್ಟೆ ಒಗೆದು, ನನ್ನ ಮಗಳನ್ನು ಹಗಲೆಲ್ಲ ಹೊತ್ತು ತಿರುಗುತ್ತಿದ್ದ ಹೆಂಗಸಿನ ಮೇಲೆ ನಾನು ಹೊರಸಿನ ಮೇಲೆ ಮಲಗಿಕೊಂಡು ತಕರಾರು ಪೋಣಿಸುತ್ತಿದ್ದೆ. ಕಡೆಗೊಂದು ಮಧ್ಯಾಹ್ನ ನಮ್ಮ ಮನೆಯವರು ಕೂಸನ್ನು ನೋಡಲು ಬಂದಾಗ ಹೇಳಿಯೇಬಿಟ್ಟೆ.

"ಅಕ್ಕನ್ನ ಅಫಜಲಪುರಕ ಕಳಸ್ರಿ. ಅವರ ಮೈದುನ ತೊಗರಿ ರಾಶಿಗಿ ಬಾ ಅಂತ ಎರಡ ಸಲ ಹೇಳಿ ಕಳಿಸ್ಯಾರ."

"ಈಗ? ನಿನ್ನ ಈ ಹಾಲತ್ತಿನ್ಯಾಗ?"

"ನಾ ನೋಡ್ಕೋತೇನಿ."

"ಹೆಂಗ ನೋಡ್ಕೋತಿ? ನೀರಿನ ಕೊಡ ಎತ್ತಾಕ ಬರಂಗಿಲ್ಲ ನಿನಗ."

ನಾನು ಅತ್ತುಬಿಟ್ಟೆ. ಅಳು ಕಂಡರೆ ಅವರಿಗೆ ಟೋಪಿ ಕಂಡಷ್ಟೇ ಹೆದರಿಕೆ. "ಆತು, ಕೇಳ್ತೇನಿ" ಎಂದು ಹೊರಗೆ ಹೋದರು. ಅವರು ಹೇಗೆ ಕೇಳಿದರೋ ಗೊತ್ತಿಲ್ಲ. ಗುರಕ್ಕನಿಗೆ ಪೂರಾ ಹೇಳುವ ಅಗತ್ಯ ಬಿದ್ದಿರಲಾರದು. ಬದುಕೆಲ್ಲ ಬೇರೆಯವರ ಮನೆಗಳಲ್ಲಿ ಜಾಗ ಮಾಡಿಕೊಂಡವಳು ಅಂಥ ಮಾತನ್ನು ಅರ್ಧದಲ್ಲೇ ಹಿಡಿಯುತ್ತಾಳೆ.

ಮರುದಿನ ಊಟದ ಹೊತ್ತಿಗೆ ಆಕೆ ನೀಲಾಳನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಕೋಣೆಗೆ ಬಂದಳು. ನೀಲಾ ಮುಖವನ್ನು ಆಕೆಯ ಹೆಗಲಲ್ಲಿ ಹುದುಗಿಸಿದ್ದಳು.

"ನಾಳಿಗಿ ಹೊಂಟೇನಿ ತಂಗಿ," ಎಂದಳು. "ಹೋಗೂಕಿಂತ ಮೊದ್ಲ ಒಂದ ಕೆಲಸ ಉಳದದ. ಹೊಟ್ಟಿ ತೋರ್ಸು."

ಊರೆಲ್ಲ ನೋಡಿದ ಹೊಟ್ಟೆಯನ್ನು ಆಕೆಗೆ ತೋರಿಸಲು ನನಗೆ ನಾಚಿಕೆಯಾಯಿತು. ಆದರೂ ಸೆರಗು ಸರಿಸಿದೆ. ಗುರಕ್ಕ ಹೊರಸಿನ ಪಕ್ಕ ಕೂತು, ತನ್ನ ಒರಟು ಅಂಗೈಯನ್ನು ಸೀದಾ ಗಾಯದ ಮೇಲೆ ಇಟ್ಟಳು. ಲಗಮವ್ವನೂ ಮುಟ್ಟದ ಜಾಗ ಅದು.

"ನೀಲಾ, ಇಲ್ಲಿ ನೋಡು. ಕಡದಾನೇನು ನನಗ?"

ನೀಲಾ ಒಂದು ಕಣ್ಣಿನಿಂದ ನೋಡಿದಳು.

"ಇಲ್ಲ್ಯಾವ ಗುಮ್ಮನೂ ಇಲ್ಲ. ತಮ್ಮ ಹೊರಗ ಬಂದ ಬಾಗಲಾ ಇದು. ಡಾಕ್ಟರಬಾಯಿ ಹೊಲದು ಮುಚ್ಚ್ಯಾಳ. ಹಸಿ ಅದ, ಅದಕ್ಕ ಅವ್ವಗ ನೋಯ್ತದ. ಅಷ್ಟ."

ನಾನು ಅಷ್ಟು ದಿನ ಹೇಳದೆ ಉಳಿದದ್ದು ಇಷ್ಟೇ ಮಾತು. ನಿಜ ಹೇಳಿದರೆ ಎರಡು ವರ್ಷದ ಮಗುವಿಗೆ ತಿಳಿಯುವುದಿಲ್ಲ ಎಂದುಕೊಂಡು ಗುಮ್ಮನನ್ನು ಕರೆತಂದಿದ್ದೆ. ನೀಲಾ ನಿಧಾನವಾಗಿ ಕೈ ಚಾಚಿ ಒಂದು ಬೆರಳಿನಿಂದ ಮುಟ್ಟಿದಳು. ಕಡಿಯಲಿಲ್ಲ. ಇನ್ನೊಂದು ಸಲ ಮುಟ್ಟಿದಳು. ಆಮೇಲೆ ತಾನು ಬಿದ್ದಾಗ ಗುರಕ್ಕ ಮಾಡುವ ಹಾಗೆ, ತುಟಿ ಉಬ್ಬಿಸಿ ಅದರ ಮೇಲೆ ಊದಿದಳು. ನಾನು ಅಳತೊಡಗಿದೆ. "ನೋಯ್ತದ" ಎಂದು ನೀಲಾ ಗುರಕ್ಕನಿಗೆ ತಿಳಿಸಿ, ಇನ್ನೂ ಜೋರಾಗಿ ಊದಿದಳು.

ಊದಿ ಮುಗಿದ ಮೇಲೆ ನನ್ನ ಕಡೆ ಕೈ ಚಾಚಿದಳು, "ಎತ್ತಿಕೋ". ನಾನು ಗುರಕ್ಕನ ಮುಖ ನೋಡಿದೆ.

"ಆಕಿನ್ನ ಮ್ಯಾಲ ಎತ್ತಾಕ ಬರಂಗಿಲ್ಲ ಅಂದ್ರ ನೀನೇ ಕೆಳಗ ಇಳಿ," ಎಂದಳು. ನೆಲದ ಮೇಲೆ ಎರಡು ಕೌದಿ ಮಡಿಸಿ ಹಾಸಿ, ಗೋಡೆಗೆ ದಿಂಬು ಕೊಟ್ಟು, ನನ್ನನ್ನು ಹಿಡಿದು ಇಳಿಸಿ ಕೂರಿಸಿ, ಹೊಟ್ಟೆಯ ಮುಂದೆ ಇನ್ನೊಂದು ಮೆತ್ತನೆಯ ದಿಂಬು ಇಟ್ಟಳು. ನೀಲಾ ತಾನೇ ನಡೆದು ಬಂದು ನನ್ನ ತೊಡೆಯ ಮೇಲೆ ಕೂತಳು. ಎಷ್ಟು ಸರಳ ನೋಡಿ. ಅಷ್ಟರಲ್ಲಿ ಅತ್ತೆಯವರು ಬಂದರು. ಹಸಿ ಬಾಣಂತಿ ನೆಲಕ್ಕೆ ಕೂತದ್ದನ್ನು ಕಂಡು, "ಥಂಡಿ ಹತ್ತಿ ಸಾಯ್ತಾಳ, ಮ್ಯಾಲ ಕುಂಡ್ರಸು" ಎಂದು ಕೂಗಾಡಿದರು. ತಾಯಿಗೆ ಎಂದೂ ಎದುರಾಡದ ಗುರಕ್ಕ ಅವತ್ತು, "ಯವ್ವಾ, ಥಂಡಿಗಿ ಕಷಾಯ ಅದ. ಇದಕ್ಕ ಕಷಾಯ ಇಲ್ಲ" ಎಂದಳು.

ಬಾಣಂತಿ ಹೀಗೆ ನೆಲಕ್ಕಿಳಿದು ಹತ್ತುವುದಾದರೆ ಹಿಡಿಯುವವರು ಯಾರು ಎಂದು ಅತ್ತೆಯವರೇ ಗುರಕ್ಕನ ಬಂಡಿಯನ್ನು ಸಂಕ್ರಮಣದ ಆಚೆಗೆ ಹಾಕಿದರು. ಇರು ಎಂದು ಬಾಯಿಬಿಟ್ಟು ಹೇಳಿದ್ದು ಅವರು, ನಾನಲ್ಲ. ನನಗೆ ಹೇಳಬೇಕೆನಿಸಿತ್ತು, ನಾಲಿಗೆ ಏಳಲಿಲ್ಲ. ನೀಲಾ ಮಾತ್ರ ಆ ದಿನಗಳಲ್ಲಿ ತನ್ನ ವ್ಯವಹಾರವನ್ನು ಚೊಕ್ಕವಾಗಿ ಹಂಚಿಕೊಂಡಳು. ತೊಡೆಯ ಮೇಲೆ ಕೂತು ರೊಟ್ಟಿ ತಿನ್ನಲು, ಕತೆ ಕೇಳಲು, ತಮ್ಮನ ಬೆರಳು ಎಣಿಸಲು ನಾನು. ಬಾವಿಗೆ, ಹೊಲಕ್ಕೆ, ಹಕ್ಕಿ ತೋರಿಸಲು ಗುರಕ್ಕ. ಇಬ್ಬರಿಗೂ ಅವ್ವ ಎಂದೇ ಹೆಸರು. ಯಾವ ಅವ್ವ ಎಂದು ಕೇಳಿದರೆ, ನಾನು ಕುಂಡ್ರೋ ಅವ್ವ, ಆಕೆ ಎತ್ತೋ ಅವ್ವ. ಮೊದಮೊದಲು ಅದನ್ನು ಕೇಳಿದಾಗ ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಮೂರು ತಿಂಗಳು ಮುಗಿಯಲಿ, ನಾನೂ ಎತ್ತಬಲ್ಲೆ ಎಂದು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತ ಕೂತಿದ್ದೆ.

ಸಂಕ್ರಮಣ ಮುಗಿಯಿತು. ಗೆರೆಗಳೂ ಮುಗಿದವು. ಗುರಕ್ಕನ ಬಂಡಿ ಹೊರಡುವ ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದಿತ್ತು. ಎತ್ತು ಹೂಡಿದ್ದರು. ಆಕೆ ಎಲ್ಲರಿಗೂ ಹೇಳಿ, ತನ್ನ ಗಂಟನ್ನು ಬಾಗಿಲ ಹೊರಗೆ ಕಟ್ಟೆಯ ಮೇಲೆ ಇಟ್ಟು, ನೀಲಾಳನ್ನು ಕೆಳಗಿಳಿಸಿದಳು. ನಾನು ಅಷ್ಟು ದಿನ ಕಾದ ಗಳಿಗೆ ಇದೇ. ಸೆರಗು ಸಿಕ್ಕಿಸಿ, ಬಗ್ಗಿ, ಎರಡೂ ತೋಳು ಚಾಚಿ, "ಬಾ ನೀಲಾ, ಎತ್ತಿಕೋತೇನಿ" ಎಂದೆ.

ನೀಲಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಏನೋ ತಪ್ಪು ಮಾಡಿದವರಿಗೆ ತಿಳಿಸಿ ಹೇಳುವ ಹಾಗೆ, ನೆಲವನ್ನು ತಟ್ಟಿ, "ನೀ ಕುಂಡ್ರೋ ಅವ್ವ. ಕುಂಡ್ರು" ಎಂದಳು. ಹೇಳಿ, ತಿರುಗಿ, ಗುರಕ್ಕನ ಕಡೆ ಎರಡೂ ಕೈ ಮೇಲೆತ್ತಿದಳು.

ಗುರಕ್ಕ ಬಗ್ಗಲಿಲ್ಲ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಗುವನ್ನು ನೋಡದೆ ನನ್ನನ್ನೇ ನೋಡುತ್ತಿದ್ದಳು. ಬಂಡಿಯವನು ಎತ್ತಿಗೆ ಏನೋ ಹೇಳುತ್ತಿದ್ದ. ನೀಲಾಳ ಕೈಗಳು ಹಾಗೇ ಮೇಲೆ ನಿಂತಿದ್ದವು.

"ಎತ್ಕೋರಿ ಅಕ್ಕಾ," ಎಂದೆ. "ನಿಮ್ಮ ಮಗಳು ಕರ್ಯಾಕತ್ತಾಳ."

ಆಕೆ ಎತ್ತಿಕೊಂಡಳೋ, ಮಗುವೇ ಹತ್ತಿತೋ ಹೇಳಲಾರೆ; ಕಣ್ಣು ಮಂಜಾಗಿತ್ತು. ನಾನು ಕಟ್ಟೆಗೆ ಹೋಗಿ ಆಕೆಯ ಗಂಟು ಎತ್ತಿದೆ. ಹೊಲಿಗೆ ಬಿದ್ದ ಮೇಲೆ ನಾನು ಎತ್ತಿದ ಮೊದಲ ಭಾರ ಅದು. ಅದನ್ನು ಒಳಗೆ ಒಯ್ದು ಆಕೆಯ ಮೂಲೆಯಲ್ಲಿ ಇಟ್ಟೆ. ಎರಡು ಸೀರೆ, ಒಂದು ಕೌದಿ. ಏನೂ ನೋವಾಗಲಿಲ್ಲ.